ಮಹಾರಾಜರ ಕೀರ್ತಿಯ ವೇಗ

ಹುಲಿದಿಬ್ಬದ ಅರಮನೆಯಲ್ಲಿ ಎರಡು ಸಂಗತಿ ಎಲ್ಲರಿಗೂ ಬಾಯಿಪಾಠವಾಗಿದ್ದವು. ಒಂದು, ಗೋಪರಸ ಮಹಾರಾಜರ ಕೀರ್ತಿ ಮೂರು ಲೋಕವನ್ನೂ ತುಂಬುತ್ತದೆ ಎಂಬುದು. ಇನ್ನೊಂದು, ಆಸ್ಥಾನದ ತ್ರಿವಿಕ್ರಮ ಪಂಡಿತರು ಏಕಾದಶಿಯ ದಿನ ಉಗುಳನ್ನೂ ನುಂಗುವುದಿಲ್ಲ ಎಂಬುದು. ಎರಡನ್ನೂ ಹೇಳಿಕೊಂಡು ತಿರುಗುತ್ತಿದ್ದವರು ಪಂಡಿತರೇ.

ಅದೇ ಅರಮನೆಯ ಹಿತ್ತಿಲಲ್ಲಿ ನಾಗೋಜನೆಂಬ ಕಂಚುಗಾರ ಗಳಿಗೆ ನೋಡುವ ಕೆಲಸದಲ್ಲಿದ್ದ. ತೂತಿನ ಬಟ್ಟಲನ್ನು ಕೊಪ್ಪರಿಗೆಯ ನೀರಿನಲ್ಲಿ ತೇಲಿಬಿಡುವುದು, ಅದು ತುಂಬಿ ಮುಳುಗಿದಾಗ ಒಂದು ಗಳಿಗೆಯಾಯಿತೆಂದು ಜಾಗಟೆ ಬಾರಿಸುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿದ್ದ. ಕೋಟೆಯೊಳಗೆ ಅವನೂ ಹೆಂಡತಿಯೂ ಇದ್ದ ಮನೆ ಆ ಕೆಲಸದ ಜೊತೆಗೇ ಬಂದದ್ದು.

ಈಚೆಗೆ ಪಂಡಿತರಿಗೆ ಶ್ರೀಕರನೆಂಬ ಅಳಿಯ ಸಿಕ್ಕಿದ್ದ. ಉಣ್ಣುವುದು ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಗಳಿಗೆಯ ಕೆಲಸವಾದರೆ ಕೂತಲ್ಲೇ ನಡೆಯುತ್ತದಲ್ಲ. ಆ ಕೆಲಸಕ್ಕೊಂದು ಪರೀಕ್ಷೆ ಇಡಲೇಬೇಕೆಂದು ಪಂಡಿತರು ದೊರೆಯ ಕಿವಿಯೂದಿದರು. ಪರೀಕ್ಷಕರೂ ಅವರೇ ಆದರು.

ಏಕಾದಶಿಯ ಬೆಳಿಗ್ಗೆ ತುಂಬಿದ ಸಭೆಯಲ್ಲಿ ಪ್ರಶ್ನೆ ಬಂತು. "ಮಹಾರಾಜರ ಕೀರ್ತಿ ಮೂರು ಲೋಕ ತುಂಬಲು ಎಷ್ಟು ಗಳಿಗೆ ಬೇಕು?"

"ಅರೆಗಳಿಗೆ," ಎಂದ ಶ್ರೀಕರ. ಮನೆಯಲ್ಲೇ ಉರುಹೊಡೆದು ಬಂದಿದ್ದ.

"ಭೇಷ್," ಎಂದರು ಪಂಡಿತರು.

"ಅಳತೆ ಹಿಡಿದವರು ಯಾರು ಸ್ವಾಮಿ?" ಎಂದು ನಾಗೋಜ ಕೇಳಿದ.

"ಬಟ್ಟಲಿನವನು ನೀನಲ್ಲವೇನಯ್ಯ? ನೀನೇ ಅಳೆದು ತೋರಿಸು. ನಾಳೆ ಬೆಳಿಗ್ಗೆಯವರೆಗೆ ಗಡುವು. ಆಗದಿದ್ದರೆ ಮನೆ ಖಾಲಿ ಮಾಡು."

ನಾಗೋಜ ಲೆಕ್ಕ ಹಾಕುತ್ತಾ ಹಿತ್ತಿಲಿಗೆ ನಡೆದ. ಹೆಚ್ಚು ಹೇಳಿದರೆ ದೊರೆಯ ಕೀರ್ತಿ ಕುಂಟುತ್ತದೆ ಎಂದಂತೆ, ಕಡಿಮೆ ಹೇಳಿದರೆ ರುಜುವಾತು ಎಲ್ಲಿಂದ ತರುವುದು? ಮಧ್ಯಾಹ್ನ ಬಟ್ಟಲು ತಿಕ್ಕಲು ಉಗ್ರಾಣದ ಹಿಂದಕ್ಕೆ ಹೋದ. ಅಲ್ಲಿ ಗೋಡೆಗೆ ಮುಖಮಾಡಿ ಯಾರೋ ಏನನ್ನೋ ಅವಸರದಲ್ಲಿ ಅಗಿಯುತ್ತಿದ್ದರು. ನಾಗೋಜ ಸದ್ದಿಲ್ಲದೆ ಹಿಂದೆ ಸರಿದ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು.

ಮರುದಿನ ಸಭೆಯಲ್ಲಿ ಅವನು ಬಟ್ಟಲು ಹಿಡಿದು ನಿಂತ.

"ಕೀರ್ತಿ ಹೋಗೋದು ಬಾಯಿಂದ ಬಾಯಿಗೆ, ಮಹಾಸ್ವಾಮಿ. ಅದಕ್ಕೆ ನಿನ್ನೆ ಕೋಟೆ ಬಾಗಿಲಲ್ಲಿ ಹೂವಾಡಗಿತ್ತಿ ಸಿದ್ದವ್ವನಿಗೆ ಒಂದೇ ಉಸಿರಲ್ಲಿ ಎರಡು ಸುದ್ದಿ ಹೇಳಿದೆ. ಎರಡೂ ನಿಜ, ಎರಡೂ ಮೂರು ಮೂರೇ ಪದ. ಇಲ್ಲದಿದ್ದರೆ ಅಳತೆ ಸರಿಬರಲ್ಲ. ಮೊದಲನೆಯದು, 'ಮಹಾರಾಜರು ಕೆರೆ ತೋಡಿಸಿದರು.'"

"ಸರಿ. ಎರಡನೆಯದು?" ಎಂದರು ದೊರೆ.

"'ಪಂಡಿತರು ಏಕಾದಶಿಗೆ ವಡೆ ತಿಂದರು.' ಅಯ್ಯೋ, ನಾಲ್ಕು ಪದ ಆಯ್ತು. ಒಂದು ಪದದ ಭಾರ ಹೆಚ್ಚಿದ್ದರೂ ಅದೇ ಮುಂದೆ ಓಡಿತು."

ಸಭೆ ಮುಸಿಮುಸಿ ನಕ್ಕಿತು. ನಾಗೋಜ ಮುಂದುವರಿಸಿದ. "ಕೆರೆ ಸುದ್ದಿಗೆ ಏಳು ಬಟ್ಟಲು ಮುಳುಗೋವರೆಗೂ ಕಾದೆ. ಬರಲಿಲ್ಲ. ಹುಡುಕಿಕೊಂಡು ಹೋದರೆ ಸಿದ್ದವ್ವನ ಪಕ್ಕದ ಮನೇಲೇ ಕೂತಿತ್ತು. ವಡೆ ಸುದ್ದಿ ಮಾತ್ರ ಬಟ್ಟಲು ಅರ್ಧ ಮುಳುಗೋದರೊಳಗೆ ಊರು ಸುತ್ತಿ ನನ್ನ ಕೊಪ್ಪರಿಗೆ ಹತ್ತಿರಕ್ಕೇ ಬಂತು. ಹೊರಟಾಗ ವಡೆ ಒಂದು, ಬಂದಾಗ ಹನ್ನೊಂದು."

"ಸುಳ್ಳು, ಶುದ್ಧ ಸುಳ್ಳು," ಎಂದು ಪಂಡಿತರು ಎದ್ದು ನಿಂತರು. "ಎರಡೇ ಎರಡು ತಿಂದದ್ದು."

ದೊರೆ ಉತ್ತರೀಯವನ್ನು ಬಾಯಿಗೆ ಒತ್ತಿಕೊಂಡರು. "ಹಾಗಾದರೆ ನಮ್ಮ ಕೀರ್ತಿ ಪಕ್ಕದ ಮನೆ ದಾಟುವುದಿಲ್ಲವೋ?"

"ದಾಟುತ್ತೆ ಬುದ್ಧಿ, ಗಾಡಿ ಬೇಕು ಅಷ್ಟೆ. ಇಳಿಹೊತ್ತಿಗೆ ಮೂರನೇ ಸುದ್ದಿ ಬಿಟ್ಟೆ. 'ಪಂಡಿತರು ವಡೆ ತಿಂದರೂ ಮಹಾರಾಜರು ಬೈಯಲ್ವಂತೆ, ಎಂಥಾ ಕರುಣೆ.' ಎರಡೇ ಬಟ್ಟಲಿಗೆ ಹೊಳೆಯಾಚೆ ಹೋಗಿ ಬಂತು. ಈ ಲೆಕ್ಕದಲ್ಲಿ ಭೂಲೋಕಕ್ಕೆ ಒಂದು ತಿಂಗಳು ಸಾಕು."

ಪಂಡಿತರು ಬಿಡಲಿಲ್ಲ. "ನಾನು ಕೇಳಿದ್ದು ಮೂರು ಲೋಕ. ಸ್ವರ್ಗ, ಪಾತಾಳಗಳ ಅಳತೆ ಎಲ್ಲಿ?"

ನಾಗೋಜ ಸೊಂಟದಿಂದ ಇನ್ನೊಂದು ಬಟ್ಟಲು ತೆಗೆದು ಶ್ರೀಕರನ ಮುಂದೆ ಹಿಡಿದ. "ಗಳಿಗೆಯವರು ಇಬ್ಬರು ಬೇಕು ಸ್ವಾಮಿ. ಸುದ್ದಿ ಹೊರಟ ಹೊತ್ತು ನಾನು ಇಲ್ಲಿ ನೋಡ್ತೀನಿ. ಮುಟ್ಟಿದ ಹೊತ್ತನ್ನ ಅಳಿಯಂದಿರು ಸ್ವರ್ಗದಲ್ಲಿ ನೋಡಲಿ. ಯಾವಾಗ ಹೊರಡ್ತಾರೆ?"

ಶ್ರೀಕರ ಬಟ್ಟಲನ್ನು ನೋಡಿದ, ಮಾವನನ್ನು ನೋಡಿದ. "ನನಗೆ ಈ ಕೆಲಸ ಬೇಡ ಮಾವ," ಎಂದವನೇ ಬಾಗಿಲ ಕಡೆ ನಡೆದ.

ದೊರೆಗೆ ಇನ್ನು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದು ನಕ್ಕರು. ಕೆಲಸವೂ ಮನೆಯೂ ನಾಗೋಜನಿಗೇ ಕಾಯಂ ಎಂದು ಹೇಳಿ, ತಮ್ಮ ಶಾಲನ್ನು ಅವನಿಗೆ ಹೊದಿಸಿದರು.

"ಆದರೆ ನಾಗೋಜ, ನಮ್ಮ ಕೀರ್ತಿ ಹೀಗೇ ಓಡುತ್ತಿರಬೇಕಾದರೆ ನಾವೇನು ಮಾಡಬೇಕು?"

"ಹೆಚ್ಚೇನಿಲ್ಲ ಮಹಾಸ್ವಾಮಿ. ಹದಿನೈದು ದಿನಕ್ಕೆ ಇನ್ನೊಂದು ಏಕಾದಶಿ ಬರುತ್ತೆ. ಅಡುಗೆಯವರಿಗೆ ವಡೆ ಕರಿದು ಉಗ್ರಾಣದ ಹಿಂದೆ ಇಡೋಕೆ ಹೇಳಿ."