ಕೊನೆಯ ಅಂಟುಗೈ

ಟೊಮೆಟೊ ಹರಾಜು ಕೂಗುವ ಮುನಿಶಾಮಪ್ಪನ ಗಂಟಲೊಳಗೆ ಜೀವಕೋಶಗಳು ಅಂಗಡಿ ಸಾಲಿನಂತೆ ಒತ್ತಾಗಿ ಬಾಳುತ್ತಿದ್ದವು. ಪ್ರತಿ ಕೋಶವೂ ತನ್ನ ಅಂಟುಗೈಗಳಿಂದ ಅಕ್ಕಪಕ್ಕದವರನ್ನು ಹಿಡಿದುಕೊಂಡಿತ್ತು. ಯಾರೇ ಬೆಳೆಯುವ ಮೊದಲು ಕೈ ಒತ್ತಿ, "ಜಾಗ ಇದೆಯಾ?" ಎಂದು ನೆರೆಯವರನ್ನು ಕೇಳುವುದು ಅಲ್ಲಿನ ಪದ್ಧತಿ.

ಒಂದು ದಿನ ವೈರಸ್ಸೊಂದು ಬಂದು, ಒಂದು ಕೋಶದ ಕೈ ಕುಲುಕುತ್ತಲೇ ಒಳಗೆ ನುಗ್ಗಿತು. ಕೂತದ್ದೇ ಬುದ್ಧಿವಾದ ಶುರು ಮಾಡಿತು.

"ಯಜಮಾನರೇ, ನೀವು ಇವರ ಅಪ್ಪಣೆ ಕೇಳುವುದೇ? ಕೈಗಳನ್ನೆಲ್ಲ ಒಳಗೆಳೆದುಕೊಳ್ಳಿ. ಬೇಕಾದಷ್ಟು ಬೆಳೆಯಿರಿ, ಬೇಕಾದಲ್ಲಿ ಹೋಗಿ ನೆಲೆಸಿ."

ಕೋಶ ಉಬ್ಬಿಹೋಯಿತು. ಒಂದೊಂದೇ ಕೈ ಬಿಡಿಸಿಕೊಂಡಿತು. ಕೊನೆಯದೊಂದು ಉಳಿದಾಗ ಪಕ್ಕದ ಮುದಿ ಕೋಶ ಅದನ್ನು ಗಟ್ಟಿಯಾಗಿ ಹಿಡಿದು ರೇಗಿತು: "ಅಯ್ಯಾ, ಯಾರನ್ನೂ ಕೇಳದೆ ಹೀಗೆ ಬೆಳೆಯುವುದಕ್ಕೇ ಕ್ಯಾನ್ಸರ್ ಎನ್ನುತ್ತಾರೆ. ಈ ಗಂಟಲು ಬಿದ್ದುಹೋಗುವಷ್ಟರಲ್ಲಿ ನಿನ್ನ ಅತಿಥಿ ಬೇರೆ ಗಂಟಲು ಸೇರಿರುತ್ತಾನೆ. ನೀನು ಎಲ್ಲಿಗೆ ಹೋಗ್ತೀಯ?"

ಕೋಶಕ್ಕೆ ಈ ಲೆಕ್ಕ ಹೊಳೆದಿರಲಿಲ್ಲ. ಅಷ್ಟರಲ್ಲಿ ಕಾವಲಿನ ಬಿಳಿ ರಕ್ತಕಣ ತಡಕಾಡುತ್ತ ಆ ದಾರಿಯಲ್ಲಿ ಬಂತು. ಕೋಶದ ಕೈ ಹಿಡಿದರೆ ಸಾಕು, ಒಳಗೆ ಕಳ್ಳನಿದ್ದರೆ ಅದಕ್ಕೆ ತಿಳಿಯುತ್ತಿತ್ತು; ಆಮೇಲೆ ಕಳ್ಳನನ್ನು ಕೋಶದ ಸಮೇತ ಮುಗಿಸುತ್ತಿತ್ತು. ಕೋಶ ತನ್ನ ಉಳಿದ ಕೈಯನ್ನು ಮುದಿ ಕೋಶದಿಂದ ಬಿಡಿಸಿಕೊಂಡು ರಕ್ತಕಣದತ್ತ ಚಾಚಿತು.

"ಹುಚ್ಚಾ, ನನ್ನ ಜೊತೆ ನೀನೂ ಸಾಯ್ತೀಯ!" ಎಂದು ವೈರಸ್ ಕಿರುಚಿತು.

"ನಮ್ಮ ಕುಲದವರು ಹೇಗೂ ನಾಲ್ಕು ದಿನ ಬಾಳುವವರು ಕಣಪ್ಪಾ," ಎಂದು ಕೋಶ ನಕ್ಕಿತು. "ಗಂಟಲು ನಡೆಯುತ್ತಿದ್ದರೆ ನನ್ನ ಜಾಗಕ್ಕೆ ನಾಳೆಯೇ ಇನ್ನೊಬ್ಬ ಬರುತ್ತಾನೆ. ನಿನ್ನ ಜಾಗಕ್ಕೆ ಇಲ್ಲಿ ಯಾರನ್ನೂ ಕರೆಯುವುದಿಲ್ಲ."