ಅತ್ತೆ ಬಿಡಿಸಿದ ಸಿಕ್ಕು

ಕಸ್ತೂರಿಯ ಕೂದಲು ಸೊಂಟ ದಾಟಿತ್ತು. ಓಣಿಯ ಹೆಂಗಸರು ಬಾಯಲ್ಲಿ ಹೊಗಳುತ್ತಿದ್ದರು, ಒಳಗೊಳಗೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅವಳ ಅವ್ವ ಮಾಳವ್ವ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ, ಹೆರಳು ಹಾಕಿ ಅವಳನ್ನು ಶಾಲೆಗೆ ಕಳಿಸುತ್ತಿದ್ದಳು.

ಒಂದು ಮಳೆಗಾಲದಲ್ಲಿ ಕಸ್ತೂರಿಗೆ ಜ್ವರ ಬಂತು. ಶಾಲೆಯಿಂದ ಬಂದವಳು ಹಾಗೇ ಹಾಸಿಗೆ ಹಿಡಿದಳು. ಮಗಳು ಬದುಕಿದರೆ ಸಾಕು ಎನ್ನುವಾಗ ಕೂದಲು ಯಾರಿಗೆ ನೆನಪಾಗುತ್ತದೆ? ಬೆವರಿನಲ್ಲಿ ನೆನೆದು, ದಿಂಬಿಗೆ ಉಜ್ಜಿ ಹೆರಳೆಲ್ಲ ಕುತ್ತಿಗೆಯ ಹಿಂದೆ ಗಂಟಾಯಿತು. ಜ್ವರ ಬಿಟ್ಟ ಮೇಲೆ ಮಾಳವ್ವ ನೆತ್ತಿಯಿಂದಲೇ ಬಾಚಣಿಗೆ ಹಾಕಿ ಎಳೆದಳು. ಹುಡುಗಿ ಕಿರುಚಿಕೊಂಡಳು. ಇನ್ನು ನಾಲ್ಕು ದಿನ ಹೋಗಲಿ ಎಂದು ಮಾಳವ್ವ ಕೈಬಿಟ್ಟಳು. ತಪ್ಪಾದದ್ದು ಅಲ್ಲೇ.

ಪಕ್ಕದ ಮನೆಯ ದುರ್ಗಜ್ಜಿ ಬಂದು ನೋಡಿ ಕೈ ಮುಗಿದಳು. ಇದು ಸಿಕ್ಕಲ್ಲ, ಗುಡ್ಡದ ತಾಯಿ ಕೊಟ್ಟ ಜಡೆ, ಇದಕ್ಕೆ ಬಾಚಣಿಗೆ ಮುಟ್ಟಿಸಿದರೆ ಕಣ್ಣು ಹೋಗುತ್ತವೆ ಎಂದಳು. ಅಜ್ಜಿ ಕೆಟ್ಟವಳಲ್ಲ. ತನ್ನ ಅಜ್ಜಿ ತನಗೆ ಹೇಳಿದ್ದನ್ನೇ ಹೇಳಿದಳು. ಆದರೆ ಆ ಊರ ಕಡೆ ಹೀಗೆ ಜಡೆ ಬಂದ ಹುಡುಗಿ ಮನೆಗೆ ಉಳಿಯುವುದಿಲ್ಲ. ಕುತ್ತಿಗೆಗೆ ಮುತ್ತು ಕಟ್ಟಿ ದೇವಿಗೆ ಬಿಡುತ್ತಾರೆ. ಆಮೇಲೆ ಶಾಲೆಯಿಲ್ಲ, ಮದುವೆಯಿಲ್ಲ, ದೇವಿಯ ಬುಟ್ಟಿ ಹೊತ್ತು ಮನೆಮನೆ ಬೇಡುವುದೇ ಬಾಳು. ಕಾನೂನು ಕೂಡದು ಎನ್ನುತ್ತದೆ. ಹೆದರಿದವರ ಕಿವಿಗೆ ಕಾನೂನು ಎಲ್ಲಿ ಬೀಳುತ್ತದೆ?

ಮಾಳವ್ವ ಬಾಚಣಿಗೆಯನ್ನು ಪೆಟ್ಟಿಗೆಯೊಳಗೆ ಬಚ್ಚಿಟ್ಟಳು. ಗಂಟಿಗೆ ದಿನಾ ಅರಿಶಿನದ ಭಂಡಾರ ಹಚ್ಚಿದಳು. ಭಂಡಾರ ಮೆತ್ತಿ ಮೆತ್ತಿ ಗಂಟು ಇನ್ನೂ ಗಟ್ಟಿಯಾಯಿತು. ಅದೂ ತಾಯಿಯ ಮಹಿಮೆ ಎಂದೇ ಎಲ್ಲರೂ ಅಂದರು. ಬರುವ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಕಸ್ತೂರಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಸುದ್ದಿ ತಿಳಿದು ಸೋದರತ್ತೆ ಫಕೀರವ್ವ ಬಂದಳು. ಅವಳದ್ದು ಮಾತು ಕಡಿಮೆ, ಹಟ ಜಾಸ್ತಿ. ದೇವಿ ಇದ್ದಾಳೋ ಇಲ್ಲವೋ ಎಂಬ ವಾದಕ್ಕೇ ಅವಳು ಹೋಗಲಿಲ್ಲ. ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತಳು. ಕಸ್ತೂರಿಯನ್ನು ಮುಂದೆ ಕೂರಿಸಿಕೊಂಡಳು. ಓಣಿಯೆಲ್ಲ ನೋಡಲಿ ಎಂದೇ ಅಲ್ಲಿ ಕೂತದ್ದು.

ದುರ್ಗಜ್ಜಿ ಓಡಿ ಬಂದು ತಡೆದಳು. ಕಣ್ಣಿನ ಮಾತು ಮತ್ತೆ ಎತ್ತಿದಳು.

ಫಕೀರವ್ವ ಹೇಳಿದಳು: "ಹೋದ್ರ ನನ್ನ ಕಣ್ಣು ಹೋಗಲಿ, ಆಯಿ. ತಾಯಿ ಕೊಟ್ಟ ಜಡಿ ಆಗಿದ್ರ ನನ್ನ ಎಣ್ಣಿಗೆ ಬಗ್ಗಂಗಿಲ್ಲ. ಬಗ್ಗಿದ್ರ ಅದು ಬರೇ ಸಿಕ್ಕು. ನೀವೂ ಇಲ್ಲೇ ಕೂತು ನೋಡ್ರಿ."

ಅಜ್ಜಿ ಕೂತಳು.

ಗಂಟು ಎಣ್ಣೆ ಕುಡಿದು ಮೆತ್ತಗಾಗುವವರೆಗೆ ಫಕೀರವ್ವ ಕಾದಳು. ಆಮೇಲೆ ಗಂಟಿನ ಮೇಲ್ಗಡೆ ಕೂದಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಹಾಗೆ ಹಿಡಿದರೆ ಎಷ್ಟು ಜಗ್ಗಿದರೂ ನೆತ್ತಿಗೆ ನೋವಾಗುವುದಿಲ್ಲ. ನೆತ್ತಿಯ ಕಡೆ ಹೋಗಲೇ ಇಲ್ಲ, ತುದಿಯಿಂದ ಬಿಡಿಸತೊಡಗಿದಳು. ಬೆರಳು ಹೋದಲ್ಲಿ ಬೆರಳು, ಹೋಗದಲ್ಲಿ ದಬ್ಬಣದ ಮೊಂಡು ತುದಿ. ಒಂದೊಂದೇ ಎಳೆ ಬಿಟ್ಟುಕೊಂಡಿತು. ಕಸ್ತೂರಿ ಅಳಲಿಲ್ಲ. ಮಾಳವ್ವ ಮಾತ್ರ ಬಾಗಿಲ ಹಿಂದಿನಿಂದ ಇಣುಕಿ ನೋಡುತ್ತಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಟಿನ ಹೊಟ್ಟೆ ಬಿಚ್ಚಿತು. ಒಳಗಿನಿಂದ ಕೆಂಪು ರಿಬ್ಬನ್ನೊಂದು ಹೊರಬಂತು. ಜ್ವರ ಬಂದ ದಿನ ಕಸ್ತೂರಿ ಹೆರಳಿಗೆ ಕಟ್ಟಿಕೊಂಡು ಶಾಲೆಗೆ ಹೋಗಿದ್ದ ರಿಬ್ಬನ್. ಅದನ್ನು ಬಿಚ್ಚದೆಯೇ ಅವಳು ಮಲಗಿದ್ದಳು, ಆಮೇಲೆ ಬಿಚ್ಚುವುದು ಯಾರಿಗೂ ನೆನಪಾಗಿರಲಿಲ್ಲ. ಅಷ್ಟೂ ಕೂದಲು ಸುತ್ತಿಕೊಂಡದ್ದು ಅದಕ್ಕೇ.

ಫಕೀರವ್ವ ಅದನ್ನು ಅಜ್ಜಿಯ ಅಂಗೈಗೆ ಹಾಕಿದಳು. "ಗುಡ್ಡದ ತಾಯಿ ರಿಬ್ಬನ್ ಕಟ್ಟಿಕೊಂಡು ಸಾಲಿಗೆ ಹೊಕ್ಕಾಳೇನ್ರಿ, ಆಯಿ?"

ನಿಂತವರೆಲ್ಲ ನಕ್ಕರು. ದುರ್ಗಜ್ಜಿ ರಿಬ್ಬನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಷ್ಟು ವರ್ಷ ನಾವು ಯಾರ ಯಾರ ಮಕ್ಕಳನ್ನು ಕಳಿಸಿಬಿಟ್ಟೆವೋ ಎಂದು ಮೆಲ್ಲಗೆ ಅಂದಳು. ಆಗ ಯಾರೂ ನಗಲಿಲ್ಲ.

ಮಾಳವ್ವ ಪೆಟ್ಟಿಗೆ ತೆರೆದು ಬಾಚಣಿಗೆ ತಂದಳು. ಅವಳ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಒಂದು ಗಂಟಿಗೆ ಹೆದರಿ ಹೆತ್ತ ಮಗಳನ್ನೇ ಬಿಟ್ಟುಕೊಡಲು ಹೊರಟಿದ್ದೆನಲ್ಲ ಎಂಬ ಸಂಕಟ ಅದು.

"ಉಳಿದದ್ದು ನಾ ಬಿಡಸ್ತೀನಿ, ಅಕ್ಕಾ," ಎಂದಳು.

ಫಕೀರವ್ವ ಎದ್ದು ಜಾಗ ಬಿಟ್ಟಳು. ಮಾಳವ್ವ ಮಗಳ ಹಿಂದೆ ಕೂತು, ತುದಿಯಿಂದ ಶುರುಮಾಡಿದಳು.

ನೀತಿ: ಸಿಕ್ಕು ಕಂಡ ದಿನವೇ ಕೂತು ಬಿಡಿಸಬೇಕು, ತುದಿಯಿಂದ, ತಾಳ್ಮೆಯಿಂದ. ನಮ್ಮ ಅಸಡ್ಡೆಗೆ ದೇವರ ಹೆಸರಿಟ್ಟು ಕೈಮುಗಿದರೆ, ಅದರ ಶಿಕ್ಷೆ ನಮ್ಮ ಮಕ್ಕಳಿಗಾಗುತ್ತದೆ.