ಬೂತಾಳೆ ಬೆಂಕಿಯನ್ನು ಕರೆಯದ ವರ್ಷ

ಭೂಮಿ ಇನ್ನೂ ಹಸಿ ಬಾಣಂತಿಯ ಹಾಗಿದ್ದ ಕಾಲ. ಗುಡ್ಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಆಗ ಮರ, ಗಿಡ, ಗಾಳಿ, ಬೆಂಕಿ ಎಲ್ಲಕ್ಕೂ ಮಾತು ಬರುತ್ತಿತ್ತು. ಮಾತು ಬಂದಮೇಲೆ ಕೇಳಬೇಕೆ, ಹಿಂದೆಯೇ ಚಾಡಿಯೂ ಬಂತು.

ಗುಡ್ಡದ ನೆತ್ತಿಯ ಬಂಡೆಯ ಮೇಲೆ ಬೂತಾಳೆ ಮರ ಇದ್ದಳು. ಈಗಿನ ಹಾಗಲ್ಲ. ಮೈಯೆಲ್ಲ ಹಸಿರು ತೊಗಟೆ, ತಲೆ ತುಂಬ ಅಗಲಗಲ ಎಲೆ. ದೃಷ್ಟಿ ತಾಗುವಂಥ ಹೆಣ್ಣು. ಎತ್ತರದಲ್ಲಿದ್ದಳಲ್ಲ, ಅದಕ್ಕೇ ಕಾಡಿನವರು ಅವಳಿಗೊಂದು ಕೆಲಸ ವಹಿಸಿದ್ದರು. ಬೆಂಕಿಯನ್ನು ಊಟಕ್ಕೆ ಕರೆಯುವ ಕೆಲಸ.

ಬೆಂಕಿ ಆಚೆ ಗುಡ್ಡದ ಗವಿಯಲ್ಲಿ ಮಲಗಿರುತ್ತಿದ್ದ. ಚಳಿ ಪೂರ್ತಿ ಕಳೆಯುವ ಮುಂಚೆ, ನೆಲದಲ್ಲಿ ಇಬ್ಬನಿ ಇನ್ನೂ ಇರುವಾಗಲೇ, ಬೂತಾಳೆ ಕೂಗುತ್ತಿದ್ದಳು. "ಬೆಂಕಿಯಣ್ಣಾ, ಎದ್ದು ಬಾ! ಎಲೆ ಹಾಕಿದೆ!"

ಅವನು ಬಗ್ಗಿಕೊಂಡೇ ಬರುತ್ತಿದ್ದ. ಬಿದ್ದ ತರಗೆಲೆಯನ್ನಷ್ಟೇ ಮೆಲ್ಲಗೆ ತಿಂದು, ಮರಗಳ ಪಾದ ಬೆಚ್ಚಗೆ ಮಾಡಿ, ಬಗ್ಗಿಕೊಂಡೇ ಹೋಗುತ್ತಿದ್ದ. ಅವನ ಹಿಂದೆ ಹೊಸ ಹುಲ್ಲು ಬರುತ್ತಿತ್ತು. ಹುಲ್ಲಿನ ಹಿಂದೆ ಜಿಂಕೆ ಬರುತ್ತಿತ್ತು.

ಇದು ಒಬ್ಬಳಿಗೆ ಮಾತ್ರ ಸೇರುತ್ತಿರಲಿಲ್ಲ. ಬದನಿಕೆಗೆ. ಅವಳ ಹುಟ್ಟು ಹೇಳಿದರೆ ನಾಚಿಕೆ. ಹಕ್ಕಿ ಕೊಂಬೆಗೆ ಹಿಂಬದಿ ಒರೆಸಿದ ಕಡೆ ಮೊಳೆತವಳು. ಸ್ವಂತ ನೆಲವಿಲ್ಲ. ಬಂಡೆಯ ಕೆಳಗಿದ್ದ ಮುದುಕಿ ನೆಲ್ಲಿಯವ್ವನ ಹೆಗಲೇರಿ ಕೂತು, ಅವಳ ರಸವನ್ನೇ ಹೀರುತ್ತ, ಅವಳೆದುರಿಗೇ ಕೆಂಪು ಹೂ ಮುಡಿಯುವ ಬಿನ್ನಾಣಗಿತ್ತಿ. ಬೆಂಕಿಯ ಹೊಗೆ ತಗುಲಿದರೆ ಸಾಕು, ಬಾಡಿಹೋಗುತ್ತಿದ್ದಳು.

ಒಂದು ಸಂಜೆ ಬದನಿಕೆ ಮೆಲ್ಲಗೆ ಕರೆದಳು. "ಅಕ್ಕಯ್ಯಾ, ಬೇಜಾರು ಮಾಡ್ಕೋಬೇಡ. ಕೆಳಗೆ ಏನೇನೋ ಆಡಿಕೊಳ್ತಿದ್ದಾರೆ."

"ಏನಂತೆ?"

"ಬಾಯಲ್ಲಿ ಅಣ್ಣ ಅಂತಾಳೆ, ಒಳಗಿನದು ಯಾರು ಕಂಡೋರು ಅಂತ. ವರ್ಷವರ್ಷವೂ ಅವನನ್ನ ಇವಳೇ ಯಾಕೆ ಕರೀಬೇಕು? ಅವನು ಬಂದಾಗ ಇವಳ ಮೈ ಯಾಕೆ ಕೆಂಪಗಾಗುತ್ತೆ? ಅಂತ."

"ಅಯ್ಯೋ, ಅದು ಝಳ ಕಣೇ!"

"ನಂಗೊತ್ತಿಲ್ವಾ? ಆದ್ರೆ ಅವರಿಗೆ ಯಾರು ಹೇಳ್ತಾರೆ? ಈ ವರ್ಷ ಕೂಗಬೇಡ, ಎಲ್ಲರ ಬಾಯೂ ಮುಚ್ಚುತ್ತೆ."

ಬೂತಾಳೆಗೆ ಅವಮಾನದಿಂದ ಎಲೆಯೆಲ್ಲ ನಡುಗಿತು. ಒಬ್ಬರನ್ನಾದರೂ ಕರೆದು ವಿಚಾರಿಸಿದ್ದರೆ, ಆ ಮಾತು ಬದನಿಕೆಯ ಬಾಯಲ್ಲಿ ಬಿಟ್ಟು ಇನ್ನೆಲ್ಲೂ ಇರಲಿಲ್ಲ ಅಂತ ತಿಳಿಯುತ್ತಿತ್ತು. ಆದರೆ ಅಂಥ ಮಾತನ್ನು ಯಾರ ಹತ್ತಿರ ಅಂತ ಕೇಳುವುದು?

ಆ ವರ್ಷ ಅವಳು ಕೂಗಲಿಲ್ಲ. ಮುಂದಿನ ವರ್ಷವೂ ಕೂಗಲಿಲ್ಲ.

"ಕೂಗೇ ತಾಯಿ," ಎಂದಳು ನೆಲ್ಲಿಯವ್ವ. "ತರಗು ನನ್ನ ಸೊಂಟಕ್ಕೆ ಬಂತು. ನನ್ನ ಮಕ್ಕಳು ಸಸಿಗಳು, ಮುಖವೇ ಕಾಣದ ಹಾಗೆ ಮುಳುಗಿವೆ."

"ಬೇಕಿದ್ದರೆ ನೀನೇ ಕೂಗಿಕೋ. ನನಗೆ ಮಾನ ಇದೆ."

"ನನ್ನ ದನಿ ಗುಡ್ಡ ದಾಟಲ್ವಲ್ಲೇ."

ಬೂತಾಳೆ ಮುಖ ತಿರುಗಿಸಿದಳು.

ತರಗು ಏರಿತು. ಯಾರೂ ನಡೆಯದಿದ್ದರೂ ಅದರೊಳಗೆ ಸರಸರ ಸದ್ದಾಗುತ್ತಿತ್ತು. ಜಿಂಕೆಗಳು ಕಾಲಿಡಲು ಹೆದರಿ ಬೇರೆ ಗುಡ್ಡಕ್ಕೆ ಹೋದವು. ಆಮೇಲೆ ಹಕ್ಕಿಗಳು ಹೋದವು. ಬದನಿಕೆ ತನ್ನ ಹಣ್ಣನ್ನು ಕೊನೆಯ ಹಕ್ಕಿಗೆ ತಿನ್ನಿಸಿ, ಅದರ ಹೊಟ್ಟೆಯಲ್ಲಿ ಬೀಜವಾಗಿ ಕೂತು ತಾನೂ ದಾಟಿಬಿಟ್ಟಳು, ಕಳ್ಳಿ.

ನಡುಬೇಸಿಗೆಯ ಒಂದು ಮಧ್ಯಾಹ್ನ ಗಾಳಿ ಬಂತು. ಮರಮರವನ್ನೂ ಮೂಸಿ, ಮಾತಿಲ್ಲದೆ ಹೊರಟಿತು.

"ಏನು ಗಾಳಿಯಪ್ಪಾ, ಸುಮ್ಮನೆ ಹೋಗ್ತೀಯಲ್ಲ?" ಎಂದಳು ಬೂತಾಳೆ.

"ಗವಿ ಖಾಲಿ ಇದೆ," ಎಂದಿತು ಗಾಳಿ. ಹಿಂದೆ ತಿರುಗಿ ನೋಡಲಿಲ್ಲ.

ಆಗ ತರಗಿನ ಅಡಿಯಿಂದ ಸಣ್ಣ ದನಿಯೊಂದು ಬಂತು. "ಬೂತಾಳೇ..."

"ಎಲ್ಲಿದ್ದೀಯಣ್ಣಾ?"

"ಕೆಳಗೇ ಇದ್ದೀನಿ. ಯಾಕವ್ವಾ ಕರೀಲಿಲ್ಲ? ಹಸಿದೂ ಹಸಿದೂ ನಿದ್ದೆಯೇ ಹೋಯ್ತು."

"ಆಡಿಕೊಳ್ತಾರೆ ಅಂತ..."

ಬೆಂಕಿ ನಕ್ಕ. ನಗು ಕಾಡಿನ ನಾಲ್ಕೂ ಮೂಲೆಯಿಂದ ಒಟ್ಟಿಗೇ ಕೇಳಿಸಿತು. "ಚಿಂತೆ ಬಿಡು. ಇನ್ನು ಆಡಿಕೊಳ್ಳೋಕೆ ಯಾರೂ ಇರಲ್ಲ."

ಯಾವಾಗಲೂ ಬಗ್ಗಿಕೊಂಡು ಬರುತ್ತಿದ್ದವನು ಅವತ್ತು ಎದ್ದು ನಿಂತ. ಅವನು ಅಷ್ಟು ಎತ್ತರ ಅಂತ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ.

ಬಂಡೆಯ ಮೇಲೆ ತರಗು ನಿಲ್ಲುವುದಿಲ್ಲ. ಅದಕ್ಕೇ ಬೂತಾಳೆ ಒಬ್ಬಳು ಉಳಿದಳು. ಹೊಗೆ ಇಳಿದಮೇಲೆ ಅವಳು ಮೆಲ್ಲಗೆ ಕೇಳಿದಳು, "ನೆಲ್ಲಿಯವ್ವಾ?" ಆಮೇಲೆ, "ಮಕ್ಕಳೇ?" ಮಳೆಯ ಹಾಗೆ ಬೂದಿ ಬೀಳುತ್ತಿತ್ತು, ಸದ್ದೇ ಇಲ್ಲದೆ. ಅವಳನ್ನು ಕೆಟ್ಟವಳು ಅನ್ನಲಿಕ್ಕೂ ಒಂದು ಬಾಯಿ ಇರಲಿಲ್ಲ.

ಬೂದಿ ಅವಳ ಮೈಮೇಲೆ ಕೂತಿತು. ಮಳೆಗಾಲ ಬಂದರೂ ಅವಳು ತೊಳೆದುಕೊಳ್ಳಲಿಲ್ಲ. ಆ ಬೂದಿಯಲ್ಲಿ ಯಾರು ಯಾರು ಇದ್ದರೋ! ಸುಟ್ಟ ನೆಲದಲ್ಲಿ ಮತ್ತೆ ಚಿಗುರೆದ್ದವು. ಹೊಸ ಗಿಡಗಳಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ. ಚಳಿ ಕಳೆಯುವ ಮುಂಚೆ ಮಾತ್ರ ಎಲ್ಲರಿಗಿಂತ ಮೊದಲು ಬೆಂಕಿಯಣ್ಣನಿಗೆಂದು ತನ್ನ ಎಲೆಯನ್ನೆಲ್ಲ ಉದುರಿಸಿ, ಬರಿಮೈಯಲ್ಲಿ ನಿಂತುಬಿಟ್ಟಳು.

ಅದಕ್ಕೇ ನೋಡು ಮಗಾ, ಬೇಸಿಗೆಯಲ್ಲಿ ಕಾಡಿನ ಬಂಡೆಯ ಮೇಲೆ ಬೂತಾಳೆ ಮರ ಒಂದೆಲೆಯೂ ಇಲ್ಲದೆ, ಬೂದಿ ಬಳಿದುಕೊಂಡವಳ ಹಾಗೆ ಬೆಳ್ಳಗೆ ನಿಂತಿರುತ್ತಾಳೆ. ಮುಸ್ಸಂಜೆಯಲ್ಲಿ ಆ ದಾರಿ ಹಿಡಿದವರು ಅವಳ ಹತ್ತಿರ ಬರುತ್ತಲೇ ಮಾತು ನಿಲ್ಲಿಸಿ ಬಿರಬಿರನೆ ನಡೆಯುತ್ತಾರೆ.